ಹಾಲಿನ ಮೇಡಂ

"ಕೆಳಗಿನವರು ಹೆಗಲಿಗೆ ಎತ್ಕೊಳ್ಳಿ. ಮೇಲಿನವರು ತಗ್ಗಿಸಿ. ಹಾಂ, ಹಾಗೇ. ಈಗ ನಿಧಾನಕ್ಕೆ ತಿರುಗಿಸಿ, ಕಂಬಿಗೆ ತಾಗತ್ತೆ."

ಮೂರನೇ ಮಹಡಿಯಿಂದ ಶವಪೆಟ್ಟಿಗೆ ಇಳಿಯುತ್ತಿತ್ತು. ಲಿಫ್ಟಿನಲ್ಲಿ ಅದು ಹಿಡಿಸಿರಲಿಲ್ಲ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ, ತೀರಿಕೊಂಡವಳ ಗಂಡ ಮಂಡಿನೋವಿನಿಂದ ತಾನು ಹೊರಲಾರದೆ, ಮುಂದಿನಿಂದ ಹಿಮ್ಮುಖವಾಗಿ ಇಳಿಯುತ್ತ, ಇಕ್ಕಟ್ಟಾದ ಶೆಡ್ಡಿನಿಂದ ಬಸ್ಸು ತೆಗೆಸುವವನ ಹಾಗೆ ಕೈಸನ್ನೆ ಮಾಡುತ್ತಿದ್ದ. ಹೊತ್ತವರಲ್ಲಿ ಮೂವರು ಅದೇ ಡಿಪೋದ ಡ್ರೈವರುಗಳು. ನಾಲ್ಕನೆಯವನು ಅವಳ ಕಾಲೇಜಿನ ಉಪನ್ಯಾಸಕ. ಒಂದು ಕಾಲಕ್ಕೆ ಅವಳ ವಿದ್ಯಾರ್ಥಿ, ಆಮೇಲೆ ಅವಳೇ ಓಡಾಡಿ ಕೆಲಸ ಕೊಡಿಸಿದವನು.

ವ್ಯಾನಿನ ಬಾಗಿಲು ಮುಚ್ಚಿದ ಮೇಲೆ ಮೆಕ್ಯಾನಿಕ್ ಅವನ ಭುಜದ ಮೇಲೆ ಕೈಯಿಟ್ಟ.

"ಚಿತಾಗಾರದಲ್ಲಿ ಮಾತಾಡೋರು ನೀವೇ ಆಗಬೇಕು, ಮೇಷ್ಟ್ರೇ. ನನಗೆ ನಾಲ್ಕು ಮಾತು ಜೋಡಿಸೋಕೆ ಬರಲ್ಲ."

"ಆಗಲಿ ಸಾರ್. ಅದು ನನ್ನ ಕರ್ತವ್ಯ."

"ಒಂಬತ್ತು ವರ್ಷದ ಹಿಂದೆ ಅವಳ ಪಾಠ ತೆಗೆದುಹಾಕಿದ್ರಲ್ಲ, ಆ ಸಭೇಲಿ ಎಲ್ಲರೂ ಕೈ ಎತ್ತಿದಾಗ ನೀವೊಬ್ರು ಎತ್ತಲಿಲ್ಲ ಅಂತ ಅವಳು ಹೇಳಿದ್ಲು. ನಾನು ಮರೆತಿಲ್ಲ."

ಉಪನ್ಯಾಸಕ ಹಣೆ ಒರೆಸುತ್ತಿದ್ದ ಕರವಸ್ತ್ರ ಅಲ್ಲೇ ನಿಂತಿತು. "ಮೇಡಂ ಹಾಗಂತ ಹೇಳಿದ್ರಾ?"

"ಅವತ್ತು ಸಂಜೇನೇ ಹೇಳಿದ್ಲು."

ಉಪನ್ಯಾಸಕ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ದೊಡ್ಡ ಮನಸ್ಸು ಅವರದು" ಎಂದ. ಇದು ಅವನ ಸಂಕೋಚವಿರಬೇಕು ಎಂದುಕೊಂಡು ಮೆಕ್ಯಾನಿಕ್ ವ್ಯಾನು ಹತ್ತಿದ.

*

ಅವಳು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದಳು. ಪ್ರತಿ ವರ್ಷ ಮೊದಲ ದಿನ ಒಂದೇ ಪ್ರಶ್ನೆಯಿಂದ ಶುರು.

"ತಾಯಿ ಮಗುವಿಗೆ ಎದೆಹಾಲು ಕುಡಿಸಿದ್ರೆ ದೇಶದ ಉತ್ಪನ್ನ ಎಷ್ಟು ಏರತ್ತೆ?"

ಅವಳು ಹಲಗೆಯ ಮೇಲೆ ದೊಡ್ಡದೊಂದು ಸೊನ್ನೆ ಬರೆಯುತ್ತಿದ್ದಳು.

"ಅದರ ಬದಲು ಅಂಗಡಿಯಿಂದ ಡಬ್ಬಿ ಪುಡಿ ತಂದು ಕಲಸಿ ಕೊಟ್ರೆ? ಏರತ್ತೆ. ಆ ಪುಡಿ ಒಗ್ಗದೆ ಮಗು ಆಸ್ಪತ್ರೆ ಸೇರಿದ್ರೆ? ಇನ್ನೂ ಏರತ್ತೆ. ಈ ಲೆಕ್ಕ ಹಾಕಿದವರೂ ಯಾರದೋ ಹಾಲು ಕುಡಿದೇ ಬೆಳೆದೋರು. ಅದನ್ನ ಮಾತ್ರ ಎಲ್ಲೂ ಬರೀಲಿಲ್ಲ."

ತರಗತಿ ನಗುತ್ತಿತ್ತು. ಆಮೇಲೆ ಅವಳು ಪಠ್ಯಪುಸ್ತಕವನ್ನು ಎತ್ತಿ ತೋರಿಸಿ, ಇದು ಸುಳ್ಳಲ್ಲ, ಆದರೆ ಇದೊಂದೇ ನಿಜವಲ್ಲ ಎನ್ನುತ್ತಿದ್ದಳು. ಮನೆಯೊಳಗಿನ ದುಡಿಮೆಯನ್ನು ಲೆಕ್ಕಕ್ಕೆ ತರಬೇಕು ಎಂದವರಿದ್ದಾರೆ. ಭೂಮಿಗೊಂದು ಮಿತಿಯಿದೆ, ಉತ್ಪನ್ನ ಅದನ್ನು ಮೀರಿ ಬೆಳೆಯಲಾರದು ಎಂದವರಿದ್ದಾರೆ. ನಾಳೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ, ಗೊತ್ತಿದೆ ಎಂದು ಸೂತ್ರ ಬರೆಯುವುದೇ ಮೋಸ ಎಂದವರಿದ್ದಾರೆ. ಅವರನ್ನೆಲ್ಲ ಓದಿಸುವುದಕ್ಕೆಂದೇ ಆರು ವರ್ಷ ಕಾಗದ ಬರೆದು ಬರೆದು ಅವಳು 'ಆರ್ಥಿಕ ಚಿಂತನೆಯ ಬೇರೆ ದಾರಿಗಳು' ಎಂಬ ಪಾಠದ ಪತ್ರಿಕೆಯನ್ನು ಪಠ್ಯಕ್ರಮಕ್ಕೆ ಸೇರಿಸಿದ್ದಳು.

ಈಗಿನ ಉಪನ್ಯಾಸಕ ಆಗ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ. ಒಮ್ಮೆ ಎದ್ದುನಿಂತು ಕೇಳಿದ್ದ: "ಮೇಡಂ, ಪುಸ್ತಕದಲ್ಲಿರೋ ಮನುಷ್ಯ ಯಾವಾಗ್ಲೂ ತನ್ನ ಲಾಭಾನೇ ನೋಡ್ತಾನಲ್ಲ, ಅಂಥೋರು ನಿಜವಾಗ್ಲೂ ಇರ್ತಾರಾ?"

"ಇರ್ತಾರಪ್ಪ. ಅಂಥೋನನ್ನ ಒಂದು ವಾರ ಮನೇಲಿಟ್ಕೊಂಡು ನೋಡು, ಗೊತ್ತಾಗತ್ತೆ."

ಅಧ್ಯಾಪಕರ ಕೊಠಡಿಯಲ್ಲಿ ಅವಳಿಗೊಂದು ಹೆಸರು ಬಿದ್ದಿತು. ಇಟ್ಟವರು ವಿಭಾಗದ ಮುಖ್ಯಸ್ಥರು. ಅವಳು ಒಳಗೆ ಬಂದರೆ ಕಾಫಿ ಲೋಟ ಮುಂದೆ ಚಾಚಿ, "ನಮ್ಮ ಹಾಲಿನ ಮೇಡಂ ಬಂದ್ರು, ಇದಕ್ಕೂ ಒಂದಿಷ್ಟು ಹಾಕ್ತಾರೇನೋ" ಎನ್ನುತ್ತಿದ್ದರು. ಕಣ್ಣು ಎಲ್ಲಿರಬಾರದೋ ಅಲ್ಲಿರುತ್ತಿತ್ತು. ಹತ್ತು ಜನ ಗಂಡಸರು ನಗುತ್ತಿದ್ದರು. ಇದನ್ನು ಅವಳು ಗಂಡನಿಗೆ ಹೇಳಿದ್ದು ಒಂದೇ ಸಲ. ಹೇಳಿದ ಮೇಲೆ ಎದ್ದುಹೋಗಿ ನಲ್ಲಿಯಡಿ ತುಂಬಾ ಹೊತ್ತು ಮುಖ ತೊಳೆದಿದ್ದಳು.

*

ಚಿತಾಗಾರದ ಮುಂದಿನ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಒಂದು ಕಡೆ ಡಿಪೋದವರು, ಇನ್ನೊಂದು ಕಡೆ ಕಾಲೇಜಿನವರು. ಮೆಕ್ಯಾನಿಕ್ ಕೂತ ಜಾಗಕ್ಕೆ ಹಿಂದಿನ ಸಾಲಿನ ಇಬ್ಬರು ಅಧ್ಯಾಪಕರ ಪಿಸುಮಾತು ಕೇಳಿಸುತ್ತಿತ್ತು.

"ಮೇಡಂ ರೂಮಿಗೆ ಬೆಳಕು ಚೆನ್ನಾಗಿ ಬರತ್ತೆ ಕಣ್ರೀ. ಅರ್ಜಿ ಹಾಕಿದ್ರಾ?"

"ನಿನ್ನೆ ಬೆಳಿಗ್ಗೆನೇ ಹಾಕ್ದೆ. ನೀವು?"

"ಛೇ, ನಾನು ಇವತ್ತು ಹಾಕೋಣ ಅಂತಿದ್ದೆ."

ವಿಭಾಗದ ಅಟೆಂಡರ್ ಹೆಂಗಸು ಬಂದು ಮೆಕ್ಯಾನಿಕ್ ಪಕ್ಕದಲ್ಲಿ ಕೂತಳು. ಮೊನ್ನೆ ಮಧ್ಯಾಹ್ನ ಉತ್ತರಪತ್ರಿಕೆ ತಿದ್ದುತ್ತ ಮೇಜಿಗೆ ತಲೆಯಾನಿಸಿದ ಮೇಡಂ ಏಳಲಿಲ್ಲವೆಂದು ಮೊದಲು ಕಂಡವಳು ಅವಳು.

"ಒಂದು ಮಾತು ಹೇಳ್ಬೇಕಣ್ಣ. ಹೇಳ್ದೇ ಇದ್ರೆ ನನಗೆ ಅನ್ನ ಇಳಿಯಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ ಅಂತ ನಾನು ಕೂಗ್ಕೊಂಡು ಹೋದೆ. ಮುಖ್ಯಸ್ಥರು ಬಂದ್ರು. ಮೊದಲು ಮೇಡಂ ಕೆನ್ನೆ ಕೆಳಗಿದ್ದ ಪೇಪರ್ ಎಳ್ಕೊಂಡ್ರು. ಅರವತ್ತೆರಡೂ ಇದೆಯಾ ಅಂತ ಎಣಿಸಿದ್ರು. ಆಮೇಲೆ ಫೋನ್ ಮಾಡಿದ್ರು."

ಮುಂದೆ ಮುಖ್ಯಸ್ಥರು ಮೈಕಿನ ಹತ್ತಿರ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ನಮ್ಮ ವಿಭಾಗ ಒಂದು ಕುಟುಂಬ. ಆ ಕುಟುಂಬದ ತಾಯಿ ಹೋದ್ರು. ನಾವೆಲ್ಲ ಅವರನ್ನ ಪ್ರೀತಿಯಿಂದ ಹಾಲಿನ ಮೇಡಂ ಅಂತ ಕರೀತಿದ್ವಿ." ಕಾಲೇಜಿನ ಸಾಲಿನಲ್ಲಿ ಮೆಲುವಾಗಿ ತಲೆಗಳಾಡಿದವು. "ಕಾಲಕ್ಕಿಂತ ಮುಂದಿದ್ರು. ಈಗ ಕಾಲೇಜಿಗೆ ದರ್ಜೆ ಕೊಡೋ ಪರಿಶೀಲನಾ ಸಮಿತಿಯವರೇ ಬೇರೆ ಬೇರೆ ಚಿಂತನೆಗಳ ಪಾಠ ಇರಲೇಬೇಕು ಅಂದಿದ್ದಾರೆ. ಅವರ ಪತ್ರಿಕೆಯನ್ನ ಮುಂದಿನ ತಿಂಗಳಿಂದ ಮತ್ತೆ ಶುರು ಮಾಡ್ತಿದ್ದೀವಿ. ಅವರ ಹೆಸರಲ್ಲಿ ಉಪನ್ಯಾಸಮಾಲೆ ಕೂಡ. ಎರಡನ್ನೂ ನಡೆಸೋರು, ಅವರ ನೆಚ್ಚಿನ ಶಿಷ್ಯ."

ಉಪನ್ಯಾಸಕ ಎದ್ದು, ತಲೆತಗ್ಗಿಸಿ, ಮೈಕಿನ ಕಡೆ ನಡೆದ.

*

ಒಂಬತ್ತು ವರ್ಷದ ಹಿಂದಿನ ಆ ಸಂಜೆ ಮೆಕ್ಯಾನಿಕ್ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ. ಪಾಳಿ ಬೇಗ ಮುಗಿದ ದಿನ ಅಡುಗೆ ಅವನದು. ಮದುವೆಗೆ ಮುಂಚೆಯೇ ಅವಳು ಹಾಕಿದ್ದ ಕರಾರು ಅದು. ಅವಳು ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ನನ್ನ ಪಾಠ ತೆಗೆದುಹಾಕಿದ್ರು. ಅದನ್ನ ಓದಿದೋರಿಗೆ ಕೆಲಸ ಸಿಗಲ್ವಂತೆ. ಇನ್ಮೇಲೆ ನನಗೆ ವ್ಯವಹಾರ ಗಣಿತ."

"ಯಾರೂ ಬೇಡ ಅನ್ನಲಿಲ್ವಾ?"

ಅವಳು ಅವನ ಕೈಯಲ್ಲಿದ್ದ ಚಾಕುವನ್ನೇ ನೋಡುತ್ತ ನಿಂತಳು. "ನನ್ನ ಹುಡುಗ ಒಬ್ಬ ಕೈ ಎತ್ತಲಿಲ್ಲ" ಎಂದಳು ಆಮೇಲೆ.

"ಒಬ್ಬ ಅಂದ್ರೂ ಒಬ್ಬ. ಪಾಠ ವ್ಯರ್ಥ ಆಗಲಿಲ್ಲ ಬಿಡು."

"ಹೂಂ" ಎಂದು ಅವಳು ಹುರುಳಿಕಾಯಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

ಮುಂದಿನ ಶನಿವಾರವೇ ಅವನು ಡಿಪೋದ ಸಂಘದ ಕೋಣೆ ಕೇಳಿ ಕೊಡಿಸಿದ. ಗ್ರೀಸಿನ ಡಬ್ಬಗಳ ನಡುವೆ ಹಲಗೆ ನಿಲ್ಲಿಸಿ ಅವಳು ಅದೇ ಪಾಠ ಹೇಳಿದಳು. ಕಾಲೇಜಿನಿಂದ ಹನ್ನೊಂದು ಮಂದಿ ಬಂದರು, ಆಮೇಲೆ ನಾಲ್ವರು, ಆಮೇಲೆ ಯಾರೂ ಇಲ್ಲ. ಉಪನ್ಯಾಸಕ ಒಮ್ಮೆಯೂ ಬರಲಿಲ್ಲ. ಕೆಲಸದೊತ್ತಡ ಇರಬೇಕು ಎಂದು ಮೆಕ್ಯಾನಿಕ್ಕೇ ಅವನ ಪರ ವಹಿಸುತ್ತಿದ್ದ. ಉಳಿದುಕೊಂಡವರು ಡ್ರೈವರು, ಕಂಡಕ್ಟರುಗಳು. ಚಹಾ ಹೀರುತ್ತ ಅವಳ ಜೊತೆ ವಾದಕ್ಕೆ ಬೀಳುತ್ತಿದ್ದರು. "ಮೇಡಂ, ಬಸ್ಸು ಕೆಟ್ಟು ನಿಂತ್ರೆ ಉತ್ಪನ್ನ ಏರತ್ತೆ ಅಂದ್ರೆ ನಿಮ್ಮ ಯಜಮಾನ್ರು ದೇಶಕ್ಕೆ ನಷ್ಟ ಮಾಡ್ತಿದ್ದಾರೆ, ಬೇಗ ರಿಪೇರಿ ಮಾಡ್ತಾರಲ್ಲ!" ಅವಳು ಕುರ್ಚಿ ಹಿಡಿದುಕೊಂಡು ನಕ್ಕಿದ್ದಳು. ಕಾಲೇಜಿನಿಂದ ಬಂದ ಯಾವ ದಿನವೂ ಅವಳು ಹಾಗೆ ನಕ್ಕಿದ್ದನ್ನು ಅವನು ಕಂಡಿರಲಿಲ್ಲ.

*

"ನಾನು ಹೆಚ್ಚು ಮಾತಾಡಲ್ಲ" ಎಂದ ಉಪನ್ಯಾಸಕ ಮೈಕಿನಲ್ಲಿ. ದನಿ ಸರಿಯಾದ ಜಾಗದಲ್ಲಿ ನಡುಗಿತು. "ಮೇಡಂ ಪಾಠವನ್ನ ತೆಗೆದುಹಾಕಿದ ಆ ಸಭೇಲಿ ನಾನೂ ಇದ್ದೆ. ನನಗಾಗ ಕೆಲಸ ಖಾಯಂ ಆಗಿರಲಿಲ್ಲ. ಆದ್ರೂ ಕೈ ಎತ್ತದೆ ಕೂತವನು ನಾನೊಬ್ಬನೇ. ಆ ಧೈರ್ಯ ಕೊಟ್ಟಿದ್ದು ಅವರು."

"ಥೂ" ಎಂದಳು ಅಟೆಂಡರ್.

ಮೆಕ್ಯಾನಿಕ್ ಅವಳ ಕಡೆ ತಿರುಗಿದ.

"ಅವತ್ತು ಚಹಾ ಕೊಡ್ತಾ ಅಲ್ಲೇ ನಿಂತಿದ್ದೆ ಅಣ್ಣ. ತೆಗೆದುಹಾಕಿ ಅಂತ ಬರ್ಕೊಂಡು ಬಂದು ಓದಿದೋನೇ ಇವನು. ಕೈ ಎತ್ತಿದ್ರಲ್ಲೂ ಇವನೇ ಮೊದಲು. ಮೇಡಂ ಇವನನ್ನೇ ನೋಡ್ತಾ ಇದ್ರು. ಇವನು ಚಹಾದ ಕೆನೆ ಊದ್ತಾ ಇದ್ದ. ಮುಂದಿನ ವಾರ ಖಾಯಂ ಆಯ್ತು."

ಮೆಕ್ಯಾನಿಕ್ ಕಾಲೇಜಿನ ಸಾಲನ್ನು ನೋಡಿದ. ಅವತ್ತಿನ ಸಭೆಯಲ್ಲಿದ್ದವರೆಲ್ಲ ಅಲ್ಲಿದ್ದರು. ಎಲ್ಲರಿಗೂ ಗೊತ್ತಿತ್ತು. ಒಬ್ಬರ ಮುಖವೂ ಕದಲಲಿಲ್ಲ. ಮುಖ್ಯಸ್ಥರು ಕಣ್ಣುಮುಚ್ಚಿ, ಹೌದು ಹೌದು ಎಂಬಂತೆ ತಲೆದೂಗುತ್ತಿದ್ದರು. ಹೆಂಡತಿ ಆ ಸುಳ್ಳನ್ನು ಹೇಳಿದ್ದು ಗಂಡನಿಗೆ ನೋವಾಗದಿರಲೆಂದೋ, ತನ್ನ ಪಾಠದ ಮಾನ ಉಳಿಯಲೆಂದೋ ಅವನಿಗೆ ತಿಳಿಯಲಿಲ್ಲ. ಒಂಬತ್ತು ವರ್ಷ ಒಬ್ಬಳೇ ಅದನ್ನು ಹೊತ್ತಿದ್ದಳು. ಇವತ್ತು ಬೆಳಿಗ್ಗೆ ವ್ಯಾನಿನ ಪಕ್ಕ ನಿಂತು ತಾನೇ ಅದನ್ನು ಇವನ ಕೈಗೆ ಎತ್ತಿಕೊಟ್ಟಿದ್ದ.

"ತಳ್ಳೋಕೆ ನಾಲ್ಕು ಜನ ಬನ್ನಿ" ಎಂದು ಕುಲುಮೆಯ ನೌಕರ ಕರೆದ.

ಇಬ್ಬರು ಡ್ರೈವರುಗಳು ಬಂದರು. ಮೆಕ್ಯಾನಿಕ್ ಬಂದ. ಉಪನ್ಯಾಸಕ ಕಣ್ಣೊರೆಸಿಕೊಳ್ಳುತ್ತ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟ.

"ಕೈ ಎತ್ತಿ" ಎಂದ ಮೆಕ್ಯಾನಿಕ್.

"ಸಾರ್?"

"ಅವಳ ಮೇಲಿಂದ ಕೈ ಎತ್ತಿ. ನಿಮಗೆ ಅಭ್ಯಾಸ ಇದೆಯಲ್ಲ."

ಉಪನ್ಯಾಸಕ ಕೈ ತೆಗೆದ. ಖಾಲಿಯಾದ ಜಾಗಕ್ಕೆ ಅಟೆಂಡರ್ ಬಂದು ನಿಂತಳು. ನಾಲ್ವರೂ ತಳ್ಳಿದರು, ಕಬ್ಬಿಣದ ಬಾಗಿಲು ಇಳಿಯಿತು.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಮೆಕ್ಯಾನಿಕ್ ಕಾಂಪೌಂಡಿನ ಗೋಡೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಮತ್ತೆ ಅದೇ ದನಿ ಬಂತು.

"ಸಾರ್, ನಿಮ್ಮ ಸಂಕಟ ನನಗೆ ಅರ್ಥ ಆಗತ್ತೆ. ಇದು ಸಮಯ ಅಲ್ಲ, ಗೊತ್ತು. ಆದ್ರೆ ಮೇಡಂ ಅವರ ನೋಟ್ಸ್... ಮುಂದಿನ ತಿಂಗಳೇ ಪಾಠ ಶುರು. ನನ್ನ ಹತ್ರ ಏನೂ ಇಲ್ಲ."

ಮೆಕ್ಯಾನಿಕ್ ಅವನ ಮುಖದಲ್ಲಿ ಹುಡುಕಿದ. ನಾಚಿಕೆ ಇರಲಿಲ್ಲ, ಕೋಪವೂ ಇರಲಿಲ್ಲ. ಏನೋ ಬೇಕಾಗಿ ಅಂಗಡಿಯ ಮುಂದೆ ನಿಂತವನ ಮುಖ ಅದು. ಮೆಕ್ಯಾನಿಕ್ ಗೋಡೆಯ ಕಡೆ ತಿರುಗಿ ಬಗ್ಗಿ ವಾಂತಿ ಮಾಡಿಕೊಂಡ. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಹಳದಿ ನೀರಷ್ಟೇ ಬಂತು. ಅಟೆಂಡರ್ ಬೆನ್ನು ನೀವಿ, ಬಾಟಲಿಯ ನೀರು ಕೊಟ್ಟಳು.

ಉತ್ತರ ಕೊಟ್ಟವನು ಹಿರಿಯ ಡ್ರೈವರ್. "ನೋಟ್ಸು ನಮ್ಮ ಡಿಪೋದಲ್ಲಿದೆ ಸ್ವಾಮಿ. ಶನಿವಾರ ಐದು ಗಂಟೆಗೆ ಬಂದು ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಓದಿ ಹೇಳ್ತೀವಿ."

ಉಪನ್ಯಾಸಕ ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನನ್ನು ಯಾರೋ ಕೂಗಿದರು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಫೋಟೋ ಬೇಕಿತ್ತು. ವಿಭಾಗದವರೆಲ್ಲ ಚಿತಾಗಾರದ ಮೆಟ್ಟಿಲ ಮೇಲೆ ಎರಡು ಸಾಲಾಗಿ ನಿಂತಿದ್ದರು. ಅವನು ಓಡಿಹೋಗಿ ಮುಖ್ಯಸ್ಥರ ಪಕ್ಕ ಬಿಟ್ಟಿದ್ದ ಜಾಗದಲ್ಲಿ ನಿಂತ. ಛಾಯಾಗ್ರಾಹಕ ಕ್ಯಾಮೆರಾದಿಂದ ಕಣ್ಣು ತೆಗೆದು ಮೇಲೆ ನೋಡಿದ. ಚಿಮಣಿ ಆಗಷ್ಟೇ ಹೊಗೆಯಾಡತೊಡಗಿತ್ತು.

"ಎಲ್ಲರೂ ಸ್ವಲ್ಪ ಈ ಕಡೆ ಬನ್ನಿ ಸಾರ್. ಫೋಟೋದಲ್ಲಿ ಹೊಗೆ ಬರ್ತಿದೆ."

ಎರಡೂ ಸಾಲುಗಳು ಒಬ್ಬರನ್ನೊಬ್ಬರು ಒತ್ತಿಕೊಂಡು ಪಕ್ಕಕ್ಕೆ ಸರಿದವು. ಮುಖ್ಯಸ್ಥರು ತಮ್ಮ ತೋಳಿನ ಮೇಲೆ ಬಂದು ಕೂತ ಕರಿಯ ಚೂರೊಂದನ್ನು ಉಗುರಿನಿಂದ ಚಿಮ್ಮಿ, ಮುಖವನ್ನು ಮತ್ತೆ ದುಃಖಕ್ಕೆ ಸರಿಮಾಡಿಕೊಂಡರು.