ಚರ್ಮದ ಪಟ್ಟಿ

ಬಸವಮ್ಮನ ಸೊರಗಿದ ಎಡಗಾಲಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಕ್ಯಾಲಿಪರ್ ಹಾಕಿಕೊಟ್ಟರು. ತೊಡೆಯಿಂದ ಹಿಮ್ಮಡಿಯವರೆಗೆ ಎರಡು ಕಬ್ಬಿಣದ ಸರಳು, ಅವನ್ನು ಕಾಲಿಗೆ ಬಿಗಿಯಲು ಚರ್ಮದ ಪಟ್ಟಿಗಳು. ಅದನ್ನು ತೊಟ್ಟು ಊರಿಗೆ ಮರಳಿದಾಗ, ಕಟ್ಟೆಮಳಲವಾಡಿಯ ಮನೆ ಬಾಗಿಲಲ್ಲೇ ಅತ್ತಿಗೆ ಪ್ರೇಮಮ್ಮ ಅಡ್ಡ ನಿಂತಳು. ಲಿಂಗಪೂಜೆ ಮಾಡುವ ಮನೆ, ಚರ್ಮ ಹೊಸ್ತಿಲು ದಾಟಕೂಡದು ಎಂದಳು. ಅಣ್ಣ ಮಹದೇವಪ್ಪ ಎಲೆಯಡಿಕೆ ಜಗಿಯುತ್ತಾ ಕೂತಿದ್ದ.

ಬಸವಮ್ಮ ಕ್ಯಾಲಿಪರನ್ನು ಜಗಲಿಯಲ್ಲಿ ಬಿಚ್ಚಿಟ್ಟು ಒಳಗೆ ತೆವಳಿದಳು. ತೆವಳುವುದು ಅವಳಿಗೆ ಹೊಸದಲ್ಲ. ಆದರೆ ಒಮ್ಮೆ ನಿಂತು ಲೋಕ ನೋಡಿದ ಮೇಲೆ, ಅತ್ತಿಗೆಯ ಸೀರೆಯಂಚಿನ ಹತ್ತಿರ ಕೂತು ಮುದ್ದೆ ಕೇಳುವುದು ಒಗ್ಗಲಿಲ್ಲ.

ಚರ್ಮ ತಾನೇ ತಕರಾರು? ಅವಳು ಪಟ್ಟಿಗಳನ್ನು ಕತ್ತರಿಸಿ, ಹಳೆಯ ಜಮಖಾನದ ಪಟ್ಟಿ ಹೊಲಿದು ಹಾಕಿದಳು. ಮೆತ್ತಗಿತ್ತು, ಚರ್ಮದ ಪಟ್ಟಿ ಉಜ್ಜಿ ತೊಡೆಯಲ್ಲಿ ಆಗಿದ್ದ ಹುಣ್ಣೂ ಮಾಯತೊಡಗಿತು. ಅತ್ತಿಗೆ ಬಾಗಿಲಿನಿಂದ ಸರಿದು ಒಳಗೆ ಬಿಟ್ಟಳು. ಆದರೆ ಬೆವರಿಗೆ ನೆಂದ ಬಟ್ಟೆ ಸಡಿಲವಾಗಿ, ಒಂದು ಮಧ್ಯಾಹ್ನ ಸಾರಿನ ಪಾತ್ರೆ ಹಿಡಿದಿದ್ದಾಗಲೇ ಸರಳು ಜಾರಿ ಬಿದ್ದಳು. ಕಬ್ಬಿಣದ ತುದಿ ತೊಡೆ ಸೀಳಿತು. ಪ್ರೇಮಮ್ಮ ಮೊದಲು ಎತ್ತಿದ್ದು ಪಾತ್ರೆಯನ್ನು.

ಗಾಯ ಒಣಗಿದ ಮೇಲೆ ಬಸವಮ್ಮ ಹುಣಸೂರಿಗೆ ಹೋಗಿ, ಚಪ್ಪಲಿ ಹೊಲಿಯುವವನ ಎದುರು ಕೂತು ಪಟ್ಟಿ ಕಟ್ಟಿಸಿಕೊಂಡಳು. ಹೊರಗೆ ಬಿಗಿ ಹಿಡಿಯಲು ಅಗಲವಾದ ಚರ್ಮ, ಒಳಗೆ ಮೈಗೆ ತಾಗುವಲ್ಲಿ ಜಮಖಾನದ ಮಡಿಕೆ. ಊರಿಗೆ ಬಂದವಳು ಜಗಲಿಯಲ್ಲಿ ನಿಲ್ಲಲಿಲ್ಲ.

"ಬಿಚ್ಚಿಟ್ಟು ಬಾ," ಅಂದಳು ಪ್ರೇಮಮ್ಮ.

"ಅಣ್ಣನ ಸೊಂಟದ ಬೆಲ್ಟು ಯಾತರದ್ದು ಅತ್ತಿಗೆ? ಅದು ದಿನಾ ಒಳಗೇ ಕೂತು ಉಣ್ತದಲ್ಲ."

"ಅವರು ಯಜಮಾನ್ರು ಕಣಮ್ಮ. ನೀನ್ಯಾರು?"

ಮಹದೇವಪ್ಪ ಎದ್ದು ಬಂದ. ತಂಗಿಯ ಮುಖ ನೋಡದೆ ಬೆಲ್ಟು ಬಿಚ್ಚಿ ಜಗಲಿಯ ಗೂಟಕ್ಕೆ ನೇತುಹಾಕಿದ.

"ಆಯ್ತಲ್ಲ? ಈಗ ನೀನೂ ಬಿಚ್ಚು."

ಪ್ರೇಮಮ್ಮನ ತುಟಿಯಂಚಿನಲ್ಲಿ ನಗು ಮೂಡಿತು. ಬಸವಮ್ಮ ಗೂಟವನ್ನೂ ಅಣ್ಣನನ್ನೂ ನೋಡಿದಳು.

"ಬಿಚ್ಚಿದ ಮೇಲೂ ನೀನು ನಿಂತೇ ಇದ್ದೀಯಲ್ಲಣ್ಣ," ಎಂದಳು.

ಅತ್ತಿಗೆ ಬಾಗಿಲಿಗೆ ತೋಳು ಚಾಚಿದಳು. ಬಸವಮ್ಮ ಆ ತೋಳನ್ನು ಸರಿಸಿ ಹೊಸ್ತಿಲು ದಾಟಿದಳು. ಮನೆ ಮೈಲಿಗೆಯಾಯಿತೆಂದು ಅಂದು ಆ ಒಲೆಯ ಅನ್ನವನ್ನು ಪ್ರೇಮಮ್ಮ ಮುಟ್ಟಲಿಲ್ಲ, ಗಂಡನಿಗೂ ಬಡಿಸಲಿಲ್ಲ. ಬಸವಮ್ಮ ತಟ್ಟೆ ತೆಗೆದುಕೊಂಡು, ಗೋಡೆಗೊರಗಿ ನಿಂತೇ ಉಂಡಳು.