ಒಕಾಲಿ ದೊರೆ ಹಾಲು ಕರೆದದ್ದು

ಫೋರ್ಟ್ ಪೋರ್ಟಲ್‌ಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವನು ಹೇಳಿದ ಮಾತನ್ನು ಮುಗೋಯ ಕಣ್ಣುಮುಚ್ಚಿ ನಂಬಿದ. ಅವನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

"ನಮ್ಮ ಟೋರೊ ಸೀಮೇಲಿ ಬರೀ ಹೆಸರಿದ್ರೆ ಸಾಲದು ತಮ್ಮಾ," ಎಂದಿದ್ದ ಆತ. "ಅಕ್ಕರೆಯಿಂದ ಕರೆಯೋಕೆ ಇನ್ನೊಂದು ಬೇಕು, ಎಂಪಾಕೊ ಅಂತೀವಿ. ಅದನ್ನ ಕೇಳದೆ ನಮಸ್ಕಾರ ಕೂಡ ಹೇಳಲ್ಲ ನಾವು. ಇರೋದೇ ಹತ್ತು ಹನ್ನೆರಡು. ನಿನ್ನ ಮುಖಕ್ಕೆ ಒಕಾಲಿ ಚೆನ್ನಾಗಿ ಒಪ್ಪುತ್ತೆ." ಹೇಳಿದವನು ಕಿಟಕಿಯ ಕಡೆ ತಿರುಗಿಕೊಂಡ. ಅವನ ಭುಜ ಕುಲುಕುತ್ತಿತ್ತು. ಪಾಪ, ಕೆಮ್ಮು ಇರಬೇಕು ಅಂದುಕೊಂಡ ಮುಗೋಯ.

ಮುಗೋಯ ದೂರದ ಇಗಾಂಗ ಪೇಟೆಯ ಹುಡುಗ. ಹಾಲನ್ನು ಪ್ಯಾಕೆಟ್ಟಿನಲ್ಲಿ ನೋಡಿ ಗೊತ್ತಿತ್ತೇ ಹೊರತು ಹಸುವಿನಲ್ಲಿ ನೋಡಿ ಗೊತ್ತಿರಲಿಲ್ಲ. ಅವನು ಸೇರಲು ಬಂದ ಖಾಸಗಿ ಕೃಷಿ ಕಾಲೇಜು ತೀರ ಚಿಕ್ಕದು: ಈ ತುದಿಗೆ ದನದ ಕೊಟ್ಟಿಗೆ, ಆ ತುದಿಗೆ ಕೋಳಿಮನೆ, ನಡುವೆ ತಗಡಿನ ಮಾಡಿನ ತರಗತಿಗಳು. ಮೊದಲ ತಿಂಗಳ ಕೊನೆಗೆ ಹಾಲು ಕರೆಯುವ ಪರೀಕ್ಷೆ. ಅರ್ಧ ಬಕೆಟ್ ಕರೆದವರು ಹೈನುಗಾರಿಕೆಗೆ, ಉಳಿದವರು ಕೋಳಿಮನೆಗೆ. ಚಿಕ್ಕವನಿದ್ದಾಗ ಹುಂಜವೊಂದು ಮುಗೋಯನ ತಲೆಯೇರಿ ಕೂತು, ಅವನು ಬೀದಿಯುದ್ದಕ್ಕೂ ಓಡಿದರೂ ಇಳಿದಿರಲಿಲ್ಲ. ಆವತ್ತಿನಿಂದ ರೆಕ್ಕೆ ಬಡಿದ ಸದ್ದು ಕೇಳಿದರೆ ಅವನ ಕೈ ತಾನಾಗಿ ತಲೆ ಮುಚ್ಚಿಕೊಳ್ಳುತ್ತಿತ್ತು. ಏನಾದರಾಗಲಿ, ಕೋಳಿಮನೆಗೆ ಮಾತ್ರ ಹೋಗಬಾರದು.

ಗೇಟಿನ ಕಾವಲುಗಾರ ಅಜ್ಜ ಎಂಪಾಕೊ ಕೇಳಿದ. "ಒಕಾಲಿ," ಎಂದ ಮುಗೋಯ ಎದೆಯುಬ್ಬಿಸಿ.

ಅಜ್ಜ ದೊಣ್ಣೆ ಕೆಳಗಿಟ್ಟು ಮಂಡಿಯೂರಿಬಿಟ್ಟ.

ಆ ಹೆಸರು ಇರುವುದು ರಾಜನಿಗೆ ಮಾತ್ರ. ಅಜ್ಜನಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂದಿತ್ತು. ಅದು ಭಕ್ತಿಯ ಕಣ್ಣೀರೆಂದು ಮುಗೋಯ ತಿಳಿದ. ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಕಾಲೇಜಿಗೆಲ್ಲ ಹಬ್ಬಿತು. ಹಿರಿಯ ವಿದ್ಯಾರ್ಥಿಗಳ ಮುಂದಾಳು ಕೆಮಿಗಿಸಾ ಎಂಬ ಹುಡುಗಿ ಕೊಟ್ಟಿಗೆಯ ಮೂಲೆಯಲ್ಲಿ ಅವನಿಗೊಂದು ಕುರ್ಚಿ ಹಾಕಿಸಿದಳು.

"ಬಕೆಟ್ ಮುಟ್ಟಬೇಡಿ ದೊರೆ," ಅಂದಳು. "ದೊರೆಗಳು ಕೆಚ್ಚಲಿಗೆ ಕೈ ಹಾಕಿದ್ರೆ ಪ್ರಜೆಗಳ ಮರ್ಯಾದೆ ಏನಾಗ್ಬೇಕು?"

ಮೊದಲು ಮುಗೋಯನಿಗೆ ಸುಖವಾಗಿಯೇ ಇತ್ತು. ಕೂತಲ್ಲಿಗೆ ಬಿಸಿ ಚಹಾ ಬರುತ್ತಿತ್ತು, ತಟ್ಟೆ ತೊಳೆಯುವ ಸರದಿ ಬರುತ್ತಿರಲಿಲ್ಲ. ಕುರ್ಚಿಯಿಂದ ನೋಡುತ್ತಿದ್ದವನಿಗೆ ಒಂದು ವಿಷಯ ಕಂಡಿತು: ಎಲ್ಲರೂ ಕೊಟ್ಟಿಗೆಯ ಕೆಂಪು ಹಸುವಿನ ಕಿವಿಯಲ್ಲಿ ಏನೋ ಪಿಸುಗುಟ್ಟಿಯೇ ಹಾಲು ಕರೆಯಲು ಕೂರುತ್ತಿದ್ದರು. ಏನೆಂದು ಕೇಳಿದರೆ "ಪ್ರಜೆಗಳ ಗುಟ್ಟು" ಎನ್ನುತ್ತಿದ್ದರು.

ಪರೀಕ್ಷೆಯ ದಿನ ಗೊತ್ತಾದಾಗ ದೊರೆಗೆ ಜ್ಞಾನೋದಯವಾಯಿತು: ಕುರ್ಚಿಯಲ್ಲಿ ಕೂತು ತಾನು ಒಂದು ದಿನವೂ ಕೆಚ್ಚಲು ಮುಟ್ಟಿಲ್ಲ.

"ಅಕ್ಕಾ, ಈ ಹೆಸರು ಬೇಡ, ತೆಗೆದುಬಿಡಿ," ಎಂದು ಕೆಮಿಗಿಸಾಳನ್ನು ಅಂಗಲಾಚಿದ.

"ಅದೇನು ಅಂಗೀನಾ ಬಿಚ್ಚೋಕೆ? ಹಿರಿಯರು ಯಾರಾದ್ರೂ ಬಾಯಿಗೆ ಮುದ್ದೆ ಇಟ್ಟು ಬೇರೆ ಹೆಸರು ಕೊಡ್ಬೇಕು. ದೊರೆಗಿಂತ ಹಿರಿಯರನ್ನ ನಾನೆಲ್ಲಿಂದ ತರ್ಲಿ?"

ಬೇರೆ ದಾರಿ ಕಾಣದೆ ಮುಗೋಯ ಒಂದು ರಬ್ಬರ್ ಕೈಗವಸು ತಂದು, ನೀರು ತುಂಬಿ, ಬೆರಳ ತುದಿಗೆ ತೂತು ಮಾಡಿ, ಹಾಸ್ಟೆಲ್ಲಿನ ಕಿಟಕಿಗೆ ಕಟ್ಟಿ ಕರೆಯಲು ಶುರುಮಾಡಿದ. ದೊರೆಗಳು ಕಿಟಕಿ ಕರೆಯುತ್ತಿದ್ದಾರೆಂದು ನೋಡಲು ಜನ ಸೇರಿದರು. ಕೈ ಪಳಗಿತು, ನಿಜ. ಆದರೆ ಕೈಗವಸು ಒದೆಯುವುದಿಲ್ಲವಲ್ಲ.

ಕೆಂಪು ಹಸು ಒದೆಯಿತು. ಪರೀಕ್ಷೆಯ ಬೆಳಿಗ್ಗೆ ಪ್ರಿನ್ಸಿಪಾಲ್ ಕಾಹ್ವಾ ಹೊಟ್ಟೆ ಮುಂದೆ ಮಾಡಿ ಹಿಂದೆಯೇ ನಿಂತಿದ್ದಾಗ, ಮುಗೋಯನೂ ಬಕೆಟ್ಟೂ ಸಗಣಿಯ ಮೇಲೆ ಉರುಳಿದರು. ಎದ್ದು ಕೂತು ಹಿಂಡಿದರೆ ಒಂದು ಹನಿಯೂ ಇಲ್ಲ. ಕೋಳಿಮನೆಯ ಕಡೆಯಿಂದ ಹುಂಜ ಕೂಗಿತು. ಮುಗೋಯನಿಗೆ ಅಳು ಬಂದಂತಾಯಿತು. ಆಗ ಹಸುವಿನ ಕಿವಿಯ ಪಿಸುಮಾತು ನೆನಪಾಯಿತು. ಈ ಊರಲ್ಲಿ ಎಂಪಾಕೊ ಹೇಳದೆ ಯಾರೂ ಮಾತಾಡಿಸುವುದಿಲ್ಲ. ಹಸುವೂ ಈ ಊರಿನದೇ ತಾನೆ?

"ಅಬ್ವೋಲಿ?" ಎಂದು ಊರಲ್ಲಿ ಕೇಳಿದ್ದ ಎಂಪಾಕೊ ಒಂದನ್ನು ಪಿಸುಗುಟ್ಟಿದ. ಹಸು ಬಾಲ ಬೀಸಿ ಅವನ ಕೆನ್ನೆಗೆ ಬಾರಿಸಿತು. "ಅಕಿಕಿ? ಅಮೂಟಿ? ಅಟ್ವೋಕಿ?" ಉಹೂಂ. ಹಿಂದೆ ನಿಂತಿದ್ದ ಕೆಮಿಗಿಸಾ ಬೇಡ ಬೇಡವೆಂದು ಕೈಯಾಡಿಸುತ್ತಿದ್ದಳು. ಮುಗೋಯ ಅದನ್ನು ನೋಡಲಿಲ್ಲ. ತಾಳ್ಮೆಗೆಟ್ಟು, "ಅಡ್ಯೇರಿ, ನಿನ್ನ ಕಾಲಿಗೆ ಬೀಳ್ತೀನಿ, ಒಂದಿಷ್ಟು ಇಳಿಸೇ!" ಎಂದು ಕೂಗಿಯೇಬಿಟ್ಟ.

"ಏನದು?" ಎಂದರು ಪ್ರಿನ್ಸಿಪಾಲರು.

ಅದೇ ಹೊತ್ತಿಗೆ ಹಸು ಉಸ್ಸೆಂದು ಉಸಿರುಬಿಟ್ಟು ಹಾಲಿಳಿಸಿತು. ಕಾಲೇಜಿನಲ್ಲಿ ಅಡ್ಯೇರಿ ಎಂದರೆ ಪ್ರಿನ್ಸಿಪಾಲರೊಬ್ಬರೇ. ಅವರ ಹಾಗೆಯೇ ಹೊಟ್ಟೆ ಮುಂದೆ ಮಾಡಿ ನಡೆಯುವ, ಏಳುವ ಮುಂಚೆ ಉಸ್ಸೆನ್ನುವ ಹಸುವಿಗೆ ಹುಡುಗರು ಕದ್ದು ಅದೇ ಹೆಸರಿಟ್ಟಿದ್ದರು.

ಬಕೆಟ್ಟಿನಲ್ಲಿ ನೊರೆ ಏರುತ್ತಿತ್ತು. ಅರ್ಧ ತುಂಬುವವರೆಗೂ ಪ್ರಿನ್ಸಿಪಾಲರು ಬಕೆಟ್ಟನ್ನೇ ನೋಡುತ್ತ ನಿಂತರು. ಆಮೇಲೆ, "ಹಸುವಿಗೆ ನನ್ನ ಹೆಸರಿಟ್ಟವರು ಯಾರು?" ಎಂದರು. "ಅವರು ಇವತ್ತೇ ಕೋಳಿಮನೆಗೆ."

ಹಿರಿಯ ವಿದ್ಯಾರ್ಥಿಗಳೆಲ್ಲ ತಲೆ ತಗ್ಗಿಸಿದರು. ಕೆಮಿಗಿಸಾಳ ಮುಖ ಸುಣ್ಣವಾಯಿತು. ಅವಳ ಓದು ಮುಗಿಯಲು ಇನ್ನು ಉಳಿದಿದ್ದು ಒಂದೇ ವರ್ಷ. ಮುಗೋಯನಿಗೆ ಅವಳ ಮೇಲೆ ಸಿಟ್ಟಿತ್ತು. ಆದರೂ ಆ ಮುಖ ನೋಡಲಾಗಲಿಲ್ಲ.

"ನಾನೇ ಸಾರ್," ಎಂದ, ಸಗಣಿ ಮೆತ್ತಿದ ಮೂಗು ಒರೆಸಿಕೊಳ್ಳುತ್ತ. "ದೊರೆ ಅಲ್ವಾ, ಹೆಸರಿಡೋ ಅಧಿಕಾರ ಇರುತ್ತೆ ಅಂದ್ಕೊಂಡೆ." ಹೇಳಿದ ಮೇಲೆ ಹುಂಜದ ನೆನಪಾಗಿ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡ.

"ನೀನು ಬಂದು ತಿಂಗಳಾಗಿಲ್ಲ," ಎಂದರು ಪ್ರಿನ್ಸಿಪಾಲರು. "ಯಾರಾದ್ರೂ ನನಗೆ ನಮಸ್ಕಾರ ಹೇಳಿದಾಗೆಲ್ಲ ಈ ಹಸು ತಿರುಗಿ ನೋಡೋಕೆ ಶುರುಮಾಡಿ ಎರಡು ವರ್ಷವಾಯ್ತು. ನನಗೇನು ಕಣ್ಣಿಲ್ವಾ? ಮಧ್ಯಾಹ್ನ ನನ್ನ ಪಕ್ಕ ಊಟಕ್ಕೆ ಕೂರು."

ಊಟಕ್ಕೆ ರಾಗಿ ಮುದ್ದೆ, ಅಲಸಂದೆ. ಮುಗೋಯ ತಟ್ಟೆ ಮುಟ್ಟಿರಲಿಲ್ಲ. ಕೋಳಿಮನೆಯ ಬೀಗದ ಕೈ ಯಾವಾಗ ಕೈಗೆ ಬರುತ್ತದೋ ಎಂದು ಕಾಯುತ್ತಿದ್ದ. ಪ್ರಿನ್ಸಿಪಾಲರು ಒಂದು ತುಂಡು ಮುರಿದು, ಸಾರಿಗೆ ಅದ್ದಿ, ಎಲ್ಲರೆದುರು ಅವನ ಬಾಯಿಗಿಟ್ಟರು.

"ಹೆಸರನ್ನ ಹಸುವಿನ ಜೊತೆ ಹಂಚಿಕೊಂಡಾಗಿದೆ," ಎಂದರು. "ಇನ್ನೊಬ್ಬ ಸೇರಿದ್ರೆ ನನಗೇನೂ ಕಮ್ಮಿಯಾಗಲ್ಲ. ಇವತ್ತಿಂದ ನೀನೂ ಅಡ್ಯೇರಿ."

ಮುಗೋಯ ಆ ತುತ್ತು ನುಂಗಿ, ಇನ್ನೊಂದು ತುಂಡು ತಾನೇ ಮುರಿದುಕೊಂಡ.

ಮರುದಿನ ಬೆಳಿಗ್ಗೆ ಗೇಟಿನ ಅಜ್ಜ ಎಂಪಾಕೊ ಕೇಳಿದ, ಮಂಡಿಯೂರಲಿಲ್ಲ. ಕೊಟ್ಟಿಗೆಯಲ್ಲಿ ಕುರ್ಚಿ ಇರಲಿಲ್ಲ, ಚಹಾವೂ ಇರಲಿಲ್ಲ.

"ಅಡ್ಯೇರಿ, ಸಗಣಿ ಬಾಚು ಬಾರೋ," ಎಂದು ಕೆಮಿಗಿಸಾ ಕೂಗಿದಳು.

ಹಸು ತಲೆಯೆತ್ತಿತು. ಜಗಲಿಯಿಂದ ಪ್ರಿನ್ಸಿಪಾಲರು "ಏನಂದೆ?" ಎಂದರು. ಅಷ್ಟರಲ್ಲಿ ಮುಗೋಯ ಸಲಿಕೆ ಹಿಡಿದು ಓಡಿಬರುತ್ತಿದ್ದ.