ಆರು ಕಮಲದ ಥಾನು

ಸೊರಬದ ಬಸ್ ಸ್ಟ್ಯಾಂಡಿನ ಎದುರು ಜವಳಿ ಅಂಗಡಿ ಇಟ್ಟಿದ್ದ ಪರಮಶಿವಪ್ಪನಿಗೆ ಒಂದು ಕೆಟ್ಟ ಚಾಳಿಯಿತ್ತು. ಯಾರು ಏನೇ ಹೇಳಲಿ, ಅರ್ಧವೇ ಕೇಳುತ್ತಿದ್ದ. ಅಂಗಡಿಯ ಹಿಂದೆಯೇ ಮನೆ. ಮಾತು ನಡೆದಿರುವಾಗ ಹೊರಗೆ ಚಪ್ಪಲಿಯ ಸದ್ದಾದರೆ ಸಾಕು, ಎದ್ದುಬಿಡುತ್ತಿದ್ದ. ಉಳಿದರ್ಧ ಗಿರಾಕಿಯ ಪಾಲಾಗುತ್ತಿತ್ತು. ಇದರಿಂದ ಅವನಿಗೆ ಅಂಥ ತೊಂದರೆಯೇನೂ ಆಗಿರಲಿಲ್ಲ, ಮಗಳು ಸರ್ವಮಂಗಳ ಚೊಚ್ಚಲ ಹೆರಿಗೆಗೆಂದು ಶಿಕಾರಿಪುರದಿಂದ ತವರಿಗೆ ಬರುವವರೆಗೆ.

ತವರೆಂದರೂ ಅಲ್ಲಿ ತಾಯಿಯಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಇದೇ ಮನೆಯ ನಡುಕೋಣೆಯಲ್ಲಿ ಸರ್ವಮಂಗಳಳನ್ನು ಹೆತ್ತ ರಾಜೇಶ್ವರಮ್ಮ ರಕ್ತ ನಿಲ್ಲದೆ ತೀರಿಕೊಂಡಿದ್ದಳು. ಬಾಣಂತನ ನಮ್ಮಲ್ಲೇ ಆಗಲಿ ಎಂದು ಬೀಗರು ಹೇಳಿದರೂ ಪರಮಶಿವಪ್ಪ ಒಪ್ಪಲಿಲ್ಲ. ಹಟ ಹಿಡಿದು ಕರೆತಂದ ಮೇಲೆ ಅವನಿಗೆ ಅನ್ನ ಸೇರದಾಯಿತು. ಮಗಳೂ ಹಾಗೇ ಹೋಗಿಬಿಟ್ಟರೆ ಎಂಬ ಭಯವನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಿಲ್ಲ.

ಎಂಟನೇ ತಿಂಗಳಲ್ಲಿ ತೊಗರ್ಸಿ ಕಡೆಯ ಅಯ್ಯನವರು ಬಂದು, ಪದ್ಧತಿಯಂತೆ, ಹುಟ್ಟಲಿರುವ ಕೂಸಿನ ಇಷ್ಟಲಿಂಗವನ್ನು ತಾಯಿಯ ಕೊರಳಿಗೆ ಕಟ್ಟಿದರು. ಸರ್ವಮಂಗಳ ಅಡುಗೆಮನೆಗೆ ಹೋದ ಮೇಲೆ, ಎಲೆಅಡಿಕೆ ಹಾಕಿಕೊಳ್ಳುತ್ತ ದೇಹದೊಳಗಿನ ಆರು ಕಮಲಗಳ ಮಾತು ತೆಗೆದರು. ಬೆನ್ನಿನ ಬುಡದ ಮೂಲಾಧಾರದಿಂದ ಹುಬ್ಬಿನ ನಡುವಿನ ಆಜ್ಞೆಯವರೆಗೆ ಒಂದರ ಮೇಲೊಂದು ಆರು, ನೆತ್ತಿಯಲ್ಲಿ ಸಾವಿರ ಎಸಳಿನ ಸಹಸ್ರಾರ ಬೇರೆ. ಪ್ರಾಣವಾಯು ಇವನ್ನೆಲ್ಲ ದಾಟಿ ಮೇಲಕ್ಕೇರಬೇಕು ಎಂದರು. ಅಷ್ಟರಲ್ಲಿ ಹೊರಗೆ ಯಾರೋ ಟವೆಲ್ ಕೇಳಿಕೊಂಡು ಬಂದರು, ಪರಮಶಿವಪ್ಪ ಎದ್ದು ಹೋದ. ಅವನು ಅಲ್ಲಿ ಚೌಕಾಸಿಯಲ್ಲಿದ್ದಾಗ ಅಯ್ಯನವರು, ಹೆರುವವಳಿಗೆ ಮಾತ್ರ ಅಪಾನವಾಯು ಕೆಳಗಿಳಿಯಬೇಕು, ಅದನ್ನು ತಡೆಯಬಾರದು ಎಂದು ಉಳಿದರ್ಧ ಮುಗಿಸಿದರು. ಅದನ್ನು ಕೇಳಿಸಿಕೊಂಡದ್ದು ಗೋಡೆಯೊಂದೇ.

ಸಿಕ್ಕ ಅರ್ಧವೇ ಪರಮಶಿವಪ್ಪನಿಗೆ ಧಾರಾಳವಾಯಿತು. ಹೆಂಡತಿಯ ಪ್ರಾಣ ಕೆಳಗೆ ಜಾರಿಹೋಗಿತ್ತು, ಮಗಳದ್ದನ್ನು ಮೇಲೆತ್ತಿ ಭದ್ರ ಮಾಡಬೇಕು. ಅಂಗಡಿಯಿಂದ ಎರಡು ಗಜ ತೆಳು ಬಿಳಿ ಮಲ್ಲುಬಟ್ಟೆ ಹರಿದು, ನೀಲಿ ಪೆನ್ಸಿಲಿನಲ್ಲಿ ಆರೂ ಕಮಲ ಬರೆದ. ಅವು ಕಮಲಕ್ಕಿಂತ ಹೂಕೋಸನ್ನೇ ಹೆಚ್ಚು ಹೋಲುತ್ತಿದ್ದವು. ಸಾವಿರ ಎಸಳಿನದು ನಲವತ್ತೆರಡಕ್ಕೇ ನಿಂತಿತು, ಬಟ್ಟೆಯ ಅಂಚು ಬಂದಿತ್ತು. ಅದನ್ನು ನಡುಕೋಣೆಯ ಗೋಡೆಗೆ ತೂಗುಹಾಕಿ, ದಿನಾ ಬೆಳಿಗ್ಗೆ ಮಗಳನ್ನು ಎದುರು ಕೂರಿಸಿ, ಒಂದೊಂದೇ ಕಮಲದಿಂದ ಉಸಿರನ್ನು ಮೇಲಕ್ಕೆಳೆದು ನೆತ್ತಿಯಲ್ಲಿ ಬಿಗಿಹಿಡಿಯುವುದನ್ನು ಕಲಿಸಿದ.

ತಾಯಿಯಿಲ್ಲದೆ ಬೆಳೆದ ಸರ್ವಮಂಗಳ ಅಪ್ಪನನ್ನೇ ಏಕವಚನದಲ್ಲಿ ಮಾತಾಡಿಸುತ್ತಿದ್ದಳು.

"ಅಪ್ಪಾ, ಎಲ್ಲಾ ಹಿಂಗೆ ಮೇಲಕ್ಕೇ ಏರಿಸಿದ್ರೆ ಕೂಸು ಬಾಯಿಂದ ಬರ್ತದೇನೋ."

"ನಗಬ್ಯಾಡ. ಉಸಿರು ಜಾರ್ತದೆ," ಎಂದ ಅವನು.

ನಕ್ಕರೂ ಅವಳು ತಪ್ಪದೆ ಕಲಿತಳು. ಅಪ್ಪ ದಿನಾ ತಟ್ಟೆಯಲ್ಲಿ ಅನ್ನ ಬಿಟ್ಟೇಳುವುದನ್ನು ಅವಳು ನೋಡಿದ್ದಳು.

ಹೊಟ್ಟೆಗೆ ಹರಳೆಣ್ಣೆ ಸವರಲು ಬರುತ್ತಿದ್ದ ಸೂಲಗಿತ್ತಿ ಉಚ್ಚಂಗಮ್ಮ, ಸರ್ವಮಂಗಳಳನ್ನು ಈ ಲೋಕಕ್ಕೆ ಎಳೆದವಳೂ ಅವಳೇ, ಆ ಬಟ್ಟೆ ಏನೆಂದು ವಿಚಾರಿಸಿದಳು. ತಿಳಿದ ಮೇಲೆ ಅದನ್ನು ತಲೆಕೆಳಗು ಮಾಡಿ ತೂಗುಹಾಕಿ ಹೋದಳು. ಪರಮಶಿವಪ್ಪ ನೆಟ್ಟಗೆ ಮಾಡಿದ. ಮಾರನೆಯ ದಿನ ಅವಳು ಮತ್ತೆ ತಿರುಗಿಸಿದಳು. ಹೀಗೆ ಒಂದು ತಿಂಗಳು ಆ ಆರು ಕಮಲಗಳು ಲಾಗ ಹಾಕಿದವು.

ಸಂತೆಯ ದಿನ ಬೆಳಿಗ್ಗೆ ನೋವು ಶುರುವಾಯಿತು. ಮಧ್ಯಾಹ್ನವಾದರೂ ಕೂಸು ಬರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಸುತ್ತಿಟ್ಟ ಬಟ್ಟೆಯ ಥಾನುಗಳನ್ನು ತಾವೇ ಎಳೆದು ನೋಡುತ್ತಿದ್ದರು. ಪರಮಶಿವಪ್ಪ ನಡುಕೋಣೆಯ ಬಾಗಿಲ ಹೊರಗೆ ನಿಂತೇ ಇದ್ದ. ಕೊನೆಗೆ ಉಚ್ಚಂಗಮ್ಮ ಬಾಗಿಲು ತುಸು ತೆರೆದಳು.

"ಸಾವ್ಕಾರ್ರೇ, ನೋವು ಬಂದಾಗೆಲ್ಲ ಉಸಿರು ಮೇಲಕ್ಕೆಳ್ದು ಬಿಗಿಹಿಡೀತಾಳೆ. ನನ್ನ ಮಾತು ಕೇಳ್ತಿಲ್ಲ. ಏರಿಸಿದೋರು ನೀವು, ನೀವೇ ಇಳಿಸ್ರಿ."

"ಕೆಳಗೆ ಬಿಟ್ರೆ ಹೋಗ್ತಾಳೆ ಉಚ್ಚಂಗವ್ವಾ. ಅವಳವ್ವ ಹಂಗೇ ಹೋದ್ಲು."

ಇಪ್ಪತ್ತು ವರ್ಷದಲ್ಲಿ ಅವನು ಈ ಮಾತಾಡಿದ್ದು ಅದೇ ಮೊದಲು. ಅಂಗಡಿಯಲ್ಲಿ ಒಬ್ಬ ಗಿರಾಕಿ ಕೆಮ್ಮಿ, ಪಂಚೆ ಇದೆಯೇ ಎಂದು ಕೂಗಿದ. ಪರಮಶಿವಪ್ಪ ತಿರುಗಲಿಲ್ಲ.

"ಅವತ್ತೂ ನಾನೇ ಇದ್ದೆ," ಎಂದಳು ಉಚ್ಚಂಗಮ್ಮ. "ಬಿಟ್ಟಿದ್ದಕ್ಕೆ ಅವ್ರು ಹೋಗ್ಲಿಲ್ಲ. ಬಿಟ್ಟಿದ್ದಕ್ಕೆ ಈ ಮಗಳು ಬಂದ್ಲು. ಆಮೇಲಿನ ರಕ್ತ ಯಾರ ಕೈಲೂ ಇರ್ಲಿಲ್ಲ."

ಅವನು ಬಾಗಿಲಿಗೆ ಹಣೆ ಹಚ್ಚಿದ. ಸಹಸ್ರಾರ, ಆಜ್ಞಾ, ವಿಶುದ್ಧ ಎಂದು ಮೇಲಿನಿಂದ ಹೇಳತೊಡಗಿ ಅಲ್ಲೇ ತೊಡರಿದ. ಇಳಿಯುವ ಕ್ರಮದಲ್ಲಿ ಅವನು ಅದನ್ನು ಒಮ್ಮೆಯೂ ಹೇಳಿರಲಿಲ್ಲ. ಒಳಗೆ ಮಗಳು ಉಸಿರು ಬಿಗಿಹಿಡಿದು ನರಳಿದಳು. ಕಮಲ ಕೈಕೊಟ್ಟಾಗ ಅವನ ಬಾಯಿಗೆ ಬಂದದ್ದು ಅಂಗಡಿಯ ಮಾತು.

"ಸರ್ವೀ, ಥಾನು ಬಿಚ್ಚವ್ವಾ. ಹಿಡೀಬ್ಯಾಡ. ಮೇಲಿಂದ ಬಿಡು, ತಾನೇ ಉರುಳ್ತದೆ. ನಾನು ಇಲ್ಲೇ ಇದೀನಿ."

ಅಪ್ಪ ಥಾನಿನ ತುದಿ ಹಿಡಿದು ಜಮಖಾನೆಯ ಮೇಲೆ ಒಂದೇ ಏಟಿಗೆ ಉರುಳಿಸುವುದನ್ನು ಆ ಹುಡುಗಿ ತೊಟ್ಟಿಲಿನಿಂದಲೇ ನೋಡಿ ಬೆಳೆದವಳು. ಒಳಗಿನಿಂದ ಉದ್ದನೆಯ ಉಸಿರೊಂದು ಹೊರಬಿತ್ತು. ಮತ್ತೊಂದು ಬಿತ್ತು. ಅವನು ಅದನ್ನೇ ಹೇಳುತ್ತ ಹೋದ. ಆಮೇಲೆ ಕೂಸು ಅತ್ತಿತು.

ಉಚ್ಚಂಗಮ್ಮ ಕೂಸನ್ನು ಹೊರತಂದಳು. ಕೈಗೆ ಸಿಕ್ಕ ಮೆತ್ತನೆಯ ಬಟ್ಟೆಯೆಂದರೆ ಕಮಲದ್ದೇ, ಅದರಲ್ಲೇ ಸುತ್ತಿದ್ದಳು. ಅವನು ಕೂಸಿನತ್ತ ನೋಡದೆ, ಸರ್ವಿ ಹೇಗಿದ್ದಾಳೆ ಎಂದ. ಉತ್ತರ ಒಳಗಿನಿಂದಲೇ ಬಂತು, ಸಣ್ಣ ದನಿಯಲ್ಲಿ.

"ಅಪ್ಪಾ, ಪೂರಾ ಬಿಚ್ಚಿದೆ. ಎಷ್ಟು ಗಜ ಬಂತು, ಅಳ್ದು ಹೇಳು."

ಪರಮಶಿವಪ್ಪ ಅಭ್ಯಾಸಬಲದಿಂದ ಕೂಸಿನ ಪಕ್ಕಕ್ಕೆ ಮೊಣಕೈ ಚಾಚಿಯೇಬಿಟ್ಟ. ಹಸುಗೂಸನ್ನು ಅಳೆಯುತ್ತಾರೇನು, ದೃಷ್ಟಿಯಾಗುವುದಿಲ್ಲವೇ ಎಂದು ಉಚ್ಚಂಗಮ್ಮ ಆರಂಭಿಸಿದವಳು, ಆ ಬಟ್ಟೆಯನ್ನು ಮೂವತ್ತು ಸಲ ತಿರುಗಿಸಿದ ಸಿಟ್ಟನ್ನೂ ಸೇರಿಸಿಕೊಂಡು ಬೈಯತೊಡಗಿದಳು. ಅಂಗಡಿಯಲ್ಲಿ ಪಂಚೆಯ ಗಿರಾಕಿ ಮತ್ತೆ ಕೆಮ್ಮಿದ. ಪರಮಶಿವಪ್ಪ ಕಣ್ಣನ್ನೂ ಒರೆಸಿಕೊಳ್ಳದೆ ನಿಂತು, ಆ ಬೈಗುಳವನ್ನು ಪೂರ್ತಿ ಕೇಳಿದ.